ಸೈಮುಂದುರನ ನೆರಳು

2026ರ ಮಾರ್ಚ್ 28, ಶನಿವಾರ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಭೂಮಧ್ಯರೇಖೆಗೆ ಹತ್ತಿರದ ಮಾಂಟ್ ಕಿಯಾರಾ ಬಡಾವಣೆಯ ಕಾಂಡೊ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಯುಗಾದಿ ಕೂಟಕ್ಕೆ ಸೇರಿದ್ದವರ ಹಸಿವನ್ನು ಭೌತಶಾಸ್ತ್ರದ ಮೇಷ್ಟ್ರು ಗಂಗಾಧರ ಒಬ್ಬನೇ ತಡೆದು ನಿಲ್ಲಿಸಿದ್ದ.

"ರೀ, ಹೋಳಿಗೆ ಎರಡು ಸಲ ಬಿಸಿ ಮಾಡಿದ್ದಾಯ್ತು," ಎಂದಳು ಹೆಂಡತಿ ಭಾನುಮತಿ.

"ಇನ್ನೆಂಟೇ ನಿಮಿಷ ಕಣೆ. ಸೂರ್ಯ ನೆತ್ತಿಗೆ ಬರಲಿ."

"ಅವನಿಗೂ ಒಂದು ಎಲೆ ಹಾಕಿಸಲಾ?"

ಕಾಯುತ್ತಿದ್ದುದು ಮಗಳು ಧೃತಿಯ ನಾಟಕಕ್ಕೆ. ಹೋದ ವರ್ಷ ಮಾತು ಮರೆತು ಅತ್ತಿದ್ದವಳು ಈ ಸಲ ಐಸ್‌ಲ್ಯಾಂಡಿನ ಮಂತ್ರವಾದಿ ಸೈಮುಂದುರ್ ಆಗಲು ಒಪ್ಪಿದ್ದೇ ಅಪ್ಪನ ಭರವಸೆಯ ಮೇಲೆ. ಆ ದೇಶದವರು ಹೇಳುವ ಕಥೆಯಲ್ಲಿ ಸೈಮುಂದುರ್ ಮಂತ್ರ ಕಲಿತದ್ದು ಸೈತಾನನ ಕತ್ತಲ ಶಾಲೆಯಲ್ಲಿ. ಅಲ್ಲಿಂದ ಕೊನೆಗೆ ಹೊರಬೀಳುವವನು ಸೈತಾನನ ಪಾಲು. ಕೊನೆಯವನಾದ ಸೈಮುಂದುರ್, ಹಿಂದೆ ಇನ್ನೊಬ್ಬನಿದ್ದಾನೆ ಎಂದು ತನ್ನ ನೆರಳನ್ನು ತೋರಿಸಿದ. ಸೈತಾನ ಅದನ್ನೇ ಹಿಡಿದುಕೊಂಡ. ಅಂದಿನಿಂದ ಸೈಮುಂದುರನಿಗೆ ನೆರಳಿಲ್ಲ.

ಇಲ್ಲಿಯ ಗಡಿಯಾರದಲ್ಲಿ ಒಂದು ಹದಿನೆಂಟಕ್ಕೆ ಸೂರ್ಯ ನೇರ ತಲೆಯ ಮೇಲಿರುತ್ತಾನೆ, ಆಗ ನಿನಗೂ ನಿಜವಾಗಿ ನೆರಳಿರುವುದಿಲ್ಲ ಎಂದು ಗಂಗಾಧರ ಲೆಕ್ಕ ಹಾಕಿ ಮಗಳಿಗೆ ಮಾತು ಕೊಟ್ಟಿದ್ದ.

ಒಂದು ಹದಿನೆಂಟು. ರಟ್ಟಿನ ಕೊಂಬು ಕಟ್ಟಿಕೊಂಡ ಪಕ್ಕದ ಮನೆಯ ಮಹಿತ್ ಧೃತಿಯ ತೋಳು ಹಿಡಿದ.

"ನನ್ನನ್ಯಾಕೆ ಹಿಡೀತೀಯ? ಹಿಂದೆ ಇನ್ನೊಬ್ಬ ಬರ್ತಿದ್ದಾನೆ ನೋಡು," ಎಂದು ಅವಳು ಕೈ ತೋರಿದಳು.

ಮಹಿತ್ ಬಗ್ಗಿ ನೋಡಿದ. "ವೇರ್ ಲಾ? ಯಾರೂ ಇಲ್ವಲ್ಲ."

ಸಭೆ ಗೊಳ್ಳೆಂದಿತು. ನೆರಳು ಮಾಯವಾಗುವ ನಿಮಿಷವನ್ನು ಲೆಕ್ಕ ಹಾಕಿದ್ದ ಗಂಗಾಧರನಿಗೆ, ಸೈತಾನ ಹಿಡಿಯಬೇಕಾದರೆ ಮೊದಲು ನೆರಳಿರಬೇಕು ಎಂಬುದು ಹೊಳೆದೇ ಇರಲಿಲ್ಲ. ಧೃತಿ ಅಪ್ಪನತ್ತ ನೋಡಿದಳು. ಅವನ ಬಳಿ ಸಮೀಕರಣವಿತ್ತು, ಸಂಭಾಷಣೆ ಇರಲಿಲ್ಲ.

ಅವಳು ಮೂಗೊರೆಸಿಕೊಂಡು ಮಹಿತನ ಕಡೆ ತಿರುಗಿದಳು. "ಯಾರೂ ಇಲ್ವಾ? ಶೂರ್?"

"ಶೂರ್."

"ನಾನು ಡೋರ್ ದಾಟಿ ಆಯ್ತು. ಒಳಗಿರೋದು ನೀನೊಬ್ನೇ. ಸೋ, ಲಾಸ್ಟ್ ಯಾರು?"

ಮಹಿತ್ ಕೊಂಬು ಕೆರೆದುಕೊಂಡ. "ನಾನಾ?"

"ಹಾಗಾದ್ರೆ ನಿನ್ನನ್ನೇ ಹಿಡ್ಕೊ."

ಮಹಿತ್ ತನ್ನ ಕಾಲರನ್ನು ತಾನೇ ಹಿಡಿದು ತನ್ನನ್ನು ದರದರ ಎಳೆದುಕೊಂಡು ಹೋದ. ಊಟದ ಸಾಲಿಗೆ ಓಡಿದ್ದವರೂ ವಾಪಸ್ ಬಂದು ಚಪ್ಪಾಳೆ ತಟ್ಟಿದರು.

"ಸ್ಕ್ರಿಪ್ಟ್ ನಿಮ್ದಾ ಸರ್?" ಎಂದು ಯಾರೋ ಕೇಳಿದರು. "ಇಲ್ಲ, ನಂದು ಬರೀ ತಪ್ಪು," ಎಂದ ಗಂಗಾಧರ.

ಧೃತಿ ಓಡಿಬಂದಳು. "ಅಪ್ಪಾ, ಶ್ಯಾಡೋ ನಿಜವಾಗ್ಲೂ ಇರ್ಲಿಲ್ವಾ?"

ಅವಳಿಗೆ ಅಂದಾಜು ಹೇಳುವ ಮುಖ ಅವನಿಗಿರಲಿಲ್ಲ. ಶಾಲೆಯಿಂದ ತಂದಿದ್ದ ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ಮಂಡಿಯೂರಿ ಅಳೆದ. ಒಂದು ಇಪ್ಪತ್ತಕ್ಕೆ ಅದರ ನೆರಳು ಏಳು ಮಿಲಿಮೀಟರ್. "ಇತ್ತು ಕಣೆ, ಇಷ್ಟೇ ಇಷ್ಟು," ಎಂದ.