ಇಬ್ಬರ ಬೆರಳಿಗೂ ಸಿಕ್ಕ ಮಣಿ

ಕಣ್ಣು ಕಾಣದ ಮಕ್ಕಳ ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದ ಹೊಸತರಲ್ಲೇ ಅವಳಿಗೆ ಹೆಡ್‌ಮಾಸ್ಟರು ಒಂದು ಕಿವಿಮಾತು ಹೇಳಿದ್ದರು. "ಅನುವಂಶೀಯತೆಯ ಪಾಠ ಇದೆಯಲ್ಲಮ್ಮ, ಅದನ್ನ ಒಂದು ಸಲ ಓದಿ ಮುಂದಕ್ಕೆ ಹೋಗಿಬಿಡಿ. ಬರೀ ಚಿತ್ರಗಳೇ ಇರೋದು. ಪರೀಕ್ಷೆಯಲ್ಲಿ ಚಿತ್ರದ ಪ್ರಶ್ನೆಗೆ ನಮ್ಮ ಮಕ್ಕಳಿಗೆ ಬದಲಿ ಪ್ರಶ್ನೆ ಕೊಡ್ತಾರೆ. ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಿ?"

ಮೊದಲ ವರ್ಷ ಅವಳು ಹಾಗೇ ಮಾಡಿದಳು. ಎರಡನೆಯ ವರ್ಷ ಹಾಗೆ ಮಾಡಲು ವಕೀಲ ಬಿಡಲಿಲ್ಲ.

ವಕೀಲ ಅನ್ನುವುದು ಆ ತರಗತಿಯ ಹುಡುಗನೊಬ್ಬನಿಗೆ ಉಳಿದವರು ಇಟ್ಟಿದ್ದ ಹೆಸರು. ಬಸ್ ಡ್ರೈವರನ ಮಗ. ಉಪ್ಪು ಹಾಕಿದರೆ ಹುಳಿ ಯಾಕಿಲ್ಲ ಅನ್ನುವವನು, ಹುಳಿ ಹಾಕಿದರೆ ಉಪ್ಪಿನ ಲೆಕ್ಕ ಕೇಳುವವನು. ಜೀವಕೋಶದೊಳಗಿನ ಡಿಎನ್‌ಎ ಬಗ್ಗೆ ಓದುತ್ತಿದ್ದ ಟೀಚರನ್ನು ನಡುವೆಯೇ ತಡೆದು, "ಮಿಸ್, ಮೊದಲು ಏಣಿ ಅಂದ್ರಿ. ಈಗ ಸುರುಳಿ ಅಂತೀರಿ. ಏಣಿ ಸುರುಳಿಯಾದ್ರೆ ಹತ್ತೋದು ಹೇಗೆ?" ಎಂದ.

"ಹತ್ತೋಕಲ್ಲ ಕಣೋ, ಅದು ನಿನ್ನೊಳಗೇ ಇದೆ," ಎಂದಳು ವಾರ್ತೆ. ಅವಳಿಗೂ ಅದು ಗೆಳತಿಯರು ಇಟ್ಟ ಹೆಸರೇ. ಶಾಲೆಯಲ್ಲಿ ಯಾರಿಗೆ ಜ್ವರ, ಯಾರ ಮನೆಯಿಂದ ಫೋನ್ ಬಂತು, ಎಲ್ಲವೂ ಮೊದಲು ಅವಳ ಕಿವಿಗೇ ಬೀಳುತ್ತಿತ್ತು, ಆಮೇಲೆ ಊರಿಗೆಲ್ಲ. ಈ ಇಬ್ಬರದ್ದೂ ಹಾವು ಮುಂಗುಸಿಯ ಸಂಬಂಧ.

"ನನ್ನೊಳಗಿದ್ರೆ ತೋರಿಸು," ಎಂದ ವಕೀಲ.

ಟೀಚರ್ ಪುಸ್ತಕ ಮುಚ್ಚಿದಳು. 'ತೋರಿಸು' ಅನ್ನುವ ಮಾತು ಅವಳಿಗೆ ನಾಟಿತ್ತು. ಈ ಮಕ್ಕಳಿಗೆ ತೋರಿಸುವುದೆಂದರೆ ಕೈಗೆ ಕೊಡುವುದು. ಅವಳು ಏನನ್ನೂ ಕೊಟ್ಟಿರಲಿಲ್ಲ.

ಮರದ ಆಟಿಕೆ ಮಾಡುವ ಬಡಗಿಯ ಬಳಿ ಹೋಗಿ ನಾಲ್ಕು ಬಗೆಯ ತುಂಡುಗಳನ್ನು ಮಾಡಿಸಿದಳು. ಒಂದರ ತುದಿಯಲ್ಲಿ ಎರಡು ಗೂಟ, ಅದರ ಜೊತೆಯದಕ್ಕೆ ಎರಡು ತೂತು. ಇನ್ನೊಂದರಲ್ಲಿ ಮೂರು ಗೂಟ, ಅದರ ಜೊತೆಗೆ ಮೂರು ತೂತು. ಸರಿಯಾದ ಜೋಡಿ ಟಕ್ಕೆಂದು ಕೂರಬೇಕು. ತಪ್ಪು ಜೋಡಿ ಎಷ್ಟು ಒತ್ತಿದರೂ ಕೂರಬಾರದು. ಅವುಗಳನ್ನು ಎರಡು ದಪ್ಪ ಹಗ್ಗಗಳ ನಡುವೆ ಮೆಟ್ಟಿಲಿನಂತೆ ಕಟ್ಟಿ, ತರಗತಿಯ ಛಾವಣಿಯ ಕೊಕ್ಕೆಯಿಂದ ನೆಲದವರೆಗೆ ತಿರುಚಿ ಇಳಿಬಿಟ್ಟಳು.

ಮಕ್ಕಳು ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ಕೈ ಮೇಲೇರುತ್ತಾ ಹೋದಂತೆ ಏಣಿ ಅವರನ್ನು ತನ್ನ ಸುತ್ತ ನಡೆಸಿತು. ವಕೀಲನೂ ಒಂದು ಸುತ್ತು ಬಂದ. ಆಮೇಲೆ ಇನ್ನೊಂದು ಸುತ್ತು. ಏನೂ ವಾದಿಸಲಿಲ್ಲ.

"ಈಗ ನಡುವೆ ಬಿಡಿಸಿ," ಎಂದಳು ಟೀಚರ್. ಗೂಟಗಳು ಕಳಚಿ ಏಣಿ ಎರಡು ಹೋಳಾಯಿತು. ಅರ್ಧ ಏಣಿಯನ್ನು ಒಂದು ಗುಂಪಿಗೆ ಕೊಟ್ಟು, ಬುಟ್ಟಿಯಲ್ಲಿದ್ದ ಬಿಡಿ ತುಂಡುಗಳಿಂದ ಅದರ ಜೊತೆಯನ್ನು ಕಟ್ಟಲು ಹೇಳಿದಳು. ಇನ್ನರ್ಧವನ್ನು ಇನ್ನೊಂದು ಗುಂಪು ಕಟ್ಟಿತು. ಎಲ್ಲಾ ಮುಗಿದಾಗ ಮೊದಲಿನಂಥದೇ ಎರಡು ಏಣಿಗಳು ನೇತಾಡುತ್ತಿದ್ದವು. ವಾರ್ತೆ ಒಂದು ಕೈಯನ್ನು ಒಂದರ ಮೇಲೆ, ಇನ್ನೊಂದು ಕೈಯನ್ನು ಇನ್ನೊಂದರ ಮೇಲೆ ಇಟ್ಟು ಕೆಳಗಿನಿಂದ ಮೇಲಿನವರೆಗೂ ಓದಿದಳು.

"ಯಾರೂ ಹೇಳಿಕೊಡದೆ ತನ್ನನ್ನ ತಾನೇ ಬರ್ಕೊಂಡಿತಲ್ಲ ಮಿಸ್," ಎಂದಳು ಕೊನೆಗೆ. ಅವಳ ದನಿ ತಗ್ಗಿದ್ದನ್ನು ಆ ತರಗತಿ ಅಂದೇ ಮೊದಲು ಕೇಳಿದ್ದು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮನುಷ್ಯ ಮನುಷ್ಯನ ನಡುವೆ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಎಂದು ಮಕ್ಕಳು ಕೇಳಿದರು. ಟೀಚರ್ ಅಂಗಡಿ ಅಂಗಡಿ ಸುತ್ತಿ, ಏಣಿಯ ನಾಲ್ಕು ಬಗೆಯ ತುಂಡುಗಳಿಗೆ ಒಂದೊಂದರಂತೆ ಗುಂಡು, ಚೌಕ, ಚಪ್ಪಟೆ ಮತ್ತು ಕೊಳವೆಯಾಕಾರದ ಮಣಿಗಳನ್ನು ಚೀಲಗಟ್ಟಲೆ ತಂದಳು. ಊಟದ ಮೇಜಿನ ಮೇಲೆ ಸುರಿದಾಗ ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು.

"ಏನಮ್ಮಾ, ಮಣಿ ಅಂಗಡಿ ಇಡ್ತೀಯಾ?"

"ಇಬ್ಬರು ಮನುಷ್ಯರನ್ನ ಪೋಣಿಸ್ಬೇಕು ಅತ್ತೆ. ಬನ್ನಿ."

"ಒಬ್ಬ ಮಗನನ್ನ ಮನುಷ್ಯ ಮಾಡೋಕೇ ನನಗೆ ಸಾಕುಸಾಕಾಯ್ತು," ಎಂದು ಗೊಣಗುತ್ತಲೇ ಅತ್ತೆ ದಾರ ಕೈಗೆತ್ತಿಕೊಂಡರು. ಹೊಸಿಲ ಬಳಿ ಚಪ್ಪಲಿ ಬಿಡುತ್ತಿದ್ದ ಮಗ ಕೇಳಿಸದವನ ಹಾಗೆ ಒಳಗೆ ಹೋದ.

ಎರಡು ಸಾಲಿಗೂ ತಲಾ ಸಾವಿರ ಮಣಿ. ಅವು ಶಾಲೆಯ ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ಮುಟ್ಟಿದವು. ಎರಡನ್ನೂ ಅಕ್ಕಪಕ್ಕ ಬಿಗಿದು ಕಟ್ಟಿ, "ಇವು ಇಬ್ಬರು ಅಪರಿಚಿತರು. ಇಬ್ಬರಿಗೂ ಎಲ್ಲಿ ವ್ಯತ್ಯಾಸ ಇದೆ ಹುಡುಕಿ," ಎಂದಳು.

ಮಕ್ಕಳು ಸಾಲಾಗಿ ಬೆರಳಾಡಿಸುತ್ತಾ ನಡೆದರು. ಗುಂಡಿಗೆ ಗುಂಡು, ಚೌಕಕ್ಕೆ ಚೌಕ. ಮೊಗಸಾಲೆಯ ಅರ್ಧ ದಾಟಿದರೂ ಏನೂ ಸಿಗಲಿಲ್ಲ.

"ಮಿಸ್, ಇದು ಮೋಸ. ಎರಡೂ ಒಂದೇ," ಎಂದ ವಕೀಲ.

"ನಡಿ, ನಡಿ."

ಕೊನೆಯ ಕಿಟಕಿಯ ಹತ್ತಿರ ಮುಂದಿದ್ದವಳು ಗಕ್ಕನೆ ನಿಂತಳು. ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಒಂದರಲ್ಲಿ ಗುಂಡು ಮಣಿ, ಇನ್ನೊಂದರಲ್ಲಿ ಚಪ್ಪಟೆ. ಆಮೇಲೆ ಗೋಡೆಯವರೆಗೂ ಮತ್ತೆ ಎಲ್ಲ ಒಂದೇ.

"ಇಷ್ಟೇನಾ?"

"ಹೆಚ್ಚುಕಮ್ಮಿ ಸಾವಿರಕ್ಕೊಂದು. ಲೋಕದಲ್ಲಿ ಯಾವ ಇಬ್ಬರನ್ನ ತಂದು ನಿಲ್ಲಿಸಿದ್ರೂ ಅಷ್ಟೇ. ಆದ್ರೆ ಸಾಲು ಇಲ್ಲಿಗೇ ಮುಗಿಯಲ್ಲ. ಒಬ್ಬ ಮನುಷ್ಯನದ್ದು ಪೂರ್ತಿ ಪೋಣಿಸಿದ್ರೆ, ಇದೇ ಅಳತೆಯ ಮಣಿಯಲ್ಲಿ, ಭೂಮಿಯನ್ನ ಮುಕ್ಕಾಲು ಸುತ್ತು ಬರುತ್ತೆ."

ಮುಂದಿದ್ದವಳ ಬೆರಳು ಇನ್ನೂ ಚಪ್ಪಟೆ ಮಣಿಯ ಮೇಲೇ ಇತ್ತು. ಹಿಂದಿನಿಂದ ಯಾರೋ ಮೆಲ್ಲಗೆ, "ಸ್ವಲ್ಪ ಸರಿಯೇ, ನಾನೂ ಮುಟ್ಟಬೇಕು," ಎಂದರು.

ಮಾರನೆಯ ದಿನ ವಾರ್ತೆ ಶಿಕ್ಷಕರ ಕೋಣೆಗೆ ಒಬ್ಬಳೇ ಬಂದಳು. "ಮಿಸ್, ಕಣ್ಣಾಸ್ಪತ್ರೆಯ ಡಾಕ್ಟರ್ ನಮ್ಮ ರಕ್ತ ತಗೊಂಡು ಹೋಗಿದ್ರಲ್ಲ. ನನ್ನ ಕಣ್ಣು ಕೆಟ್ಟಿರೋದು ಇಂಥ ಒಂದು ಮಣಿಯಿಂದ ಅಂತ ಅಮ್ಮನಿಗೆ ಹೇಳಿದ್ರಂತೆ. ಆ ಮಣಿ ನನ್ನ ಕೈಗೆ ಕೊಡ್ತೀರಾ?"

ಬಾಗಿಲ ಹಿಂದಿನಿಂದ ವಕೀಲನ ದನಿ ಬಂತು. "ನನಗೂ."

"ಕದ್ದು ಕೇಳ್ತಾ ಇದ್ದೀಯಾ?" ಎಂದಳು ವಾರ್ತೆ.

"ನಿನ್ನಿಂದಲೇ ಕಲಿತದ್ದು."

ಟೀಚರ್ ಎರಡೂ ಮನೆಯವರ ಒಪ್ಪಿಗೆ ಪಡೆದು ಡಾಕ್ಟರಮ್ಮನನ್ನು ಕಂಡಳು. ಡಾಕ್ಟರ್ ಇಬ್ಬರ ಹೆಸರು ಕೇಳಿ ಎರಡೂ ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ತಾವೇ ಎರಡೂ ಮನೆಗಳಿಗೆ ಫೋನ್ ಮಾಡಿ, ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದರೆ ಅಡ್ಡಿಯಿಲ್ಲವೇ ಎಂದು ಕೇಳಿದರು. ಇಬ್ಬರೂ ಒಪ್ಪಿದ ಮೇಲೆ ಟೀಚರಿಗೆ ಹೇಳಿದರು: "ಆ ಕೆಟ್ಟ ಜಾಗದ ಎಡಕ್ಕೂ ಬಲಕ್ಕೂ, ಜನರಿಂದ ಜನರಿಗೆ ಬದಲಾಗೋ ಜಾಗಗಳನ್ನ ಮಾತ್ರ ಆರಿಸಿ ಕೊಡ್ತೀನಿ. ನೀವೇ ಪೋಣಿಸಿ ನೋಡಿ. ಹೋಲಿಸೋಕೆ ಬೇರೆ ಕೆಲವರದ್ದೂ ಇರಲಿ."

ಭಾನುವಾರ ಮಧ್ಯಾಹ್ನ ಟೀಚರ್ ಡಾಕ್ಟರ್ ಕೊಟ್ಟ ಪಟ್ಟಿಯನ್ನು ಓದಿ ಹೇಳುತ್ತಾ ಹೋದಳು, ಅತ್ತೆ ಪೋಣಿಸುತ್ತಾ ಹೋದರು. ವಾರ್ತೆಯ ಸಾಲು ಮುಗಿಯಿತು. ಬೇರೆಯವರದ್ದೂ ಮುಗಿಯಿತು, ಒಂದಕ್ಕೊಂದು ತಾಳಮೇಳವಿರಲಿಲ್ಲ. ವಕೀಲನದ್ದು ಅರ್ಧಕ್ಕೆ ಬಂದಾಗ ಅತ್ತೆಯ ಕೈ ನಿಂತಿತು.

"ಇದನ್ನ ಆಗಲೇ ಪೋಣಿಸಿದ್ವಲ್ಲ. ಬೆರಳಿಗೆ ಅಭ್ಯಾಸ ಆಗಿಬಿಟ್ಟಿದೆ ನೋಡು."

ಟೀಚರ್ ಅದನ್ನೂ ವಾರ್ತೆಯ ಸಾಲನ್ನೂ ಪಕ್ಕಪಕ್ಕ ಇಟ್ಟು, ನಿಧಾನವಾಗಿ ಕುರ್ಚಿಯಲ್ಲಿ ಕೂತಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಇಬ್ಬರೂ ಏಳಲಿಲ್ಲ.

ಸೋಮವಾರ ಉದ್ದನೆಯ ಮೇಜಿನ ಮೇಲೆ ಸಾಲುಗಳನ್ನು ಜೋಡಿಸಿದ್ದಳು. ವಾರ್ತೆಯ ತಾಯಿಯೂ ಅಪ್ಪನ ಕಡೆಯ ಅಜ್ಜಿಯೂ, ವಕೀಲನ ತಂದೆಯೂ ಬಂದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ತಾಯಿ ಬೆಂಚಿನ ಒಂದು ತುದಿಗೆ, ಅಜ್ಜಿ ಇನ್ನೊಂದು ತುದಿಗೆ. ಅವರಿಬ್ಬರ ನಡುವೆ ಡ್ರೈವರ್ ಎಲ್ಲಿ ಕೈ ಇಡಬೇಕೋ ತಿಳಿಯದೆ ಕೂತಿದ್ದ.

ಟೀಚರ್ ವಾರ್ತೆಯ ಬೆರಳನ್ನು ಅವಳ ಸಾಲಿನ ನಟ್ಟನಡುವೆ ಇಟ್ಟಳು. ಅಲ್ಲಿ ಒಂದು ಚೌಕ ಮಣಿ. "ಇದು ಗುಂಡು ಇರ್ಬೇಕಿತ್ತು. ಇದೇ ಅದು."

ವಾರ್ತೆ ಆ ಮಣಿಯನ್ನು ಬೆರಳುಗಳ ನಡುವೆ ತಿರುಗಿಸಿದಳು. ತುಂಬ ಹೊತ್ತು ತಿರುಗಿಸಿದಳು.

"ಇಷ್ಟು ಚಿಕ್ಕದು," ಎಂದಳು. "ನಾನು ಏನೋ ದೊಡ್ಡದು ಮುರಿದಿದೆ ಅಂದ್ಕೊಂಡಿದ್ದೆ."

"ನನ್ನದೂ ಇಲ್ಲೇ," ಎಂದ ವಕೀಲ, ಪಕ್ಕದ ಸಾಲಿನಿಂದ. "ನನ್ನದೂ ಚೌಕವೇ."

"ಈಗ ಇಬ್ಬರೂ ಒಟ್ಟಿಗೆ ಬಲಕ್ಕೆ ಹೋಗಿ. ಹೇಳ್ತಾ ಹೋಗಿ."

"ಚಪ್ಪಟೆ."

"ಚಪ್ಪಟೆ."

"ಕೊಳವೆ."

"ನನ್ನದೂ ಕೊಳವೆ."

"ಗುಂಡು."

"ಗುಂಡು. ಏನಿದು?"

ಮೊದಮೊದಲು ಸ್ಪರ್ಧೆಯಂತೆ ಏರುತ್ತಿದ್ದ ಅವರ ದನಿಗಳು ಬರಬರುತ್ತಾ ಮೆತ್ತಗಾದವು. ಕೊನೆಗೆ ಒಬ್ಬರು ಹೇಳುವುದಕ್ಕೆ ಇನ್ನೊಬ್ಬರು 'ಹೂಂ' ಅನ್ನುವುದಷ್ಟೇ ಉಳಿಯಿತು. ಉಳಿದ ಮಕ್ಕಳು ಬೇರೆ ಸಾಲುಗಳನ್ನು ಇವರ ಸಾಲಿನ ಜೊತೆ ಹೋಲಿಸಿ ನೋಡಿದರು; ಎರಡು ಮೂರು ಮಣಿಗೇ ತಪ್ಪುತ್ತಿತ್ತು. ಇವರದ್ದು ಮಾತ್ರ ಸಾಗುತ್ತಲೇ ಹೋಗಿ, ಒಂದು ಕಡೆ ಕವಲೊಡೆಯಿತು. ಎಡಕ್ಕೆ ಹೋದಾಗಲೂ ಹಾಗೇ, ಒಂದಷ್ಟು ದೂರ ಜೊತೆಯಾಗಿ ಹೋಗಿ ಅಗಲಿತು.

ಟೀಚರ್ ವಿವರಿಸಿದಳು. "ಪ್ರತಿ ತಲೆಮಾರಲ್ಲೂ ಅಪ್ಪನ ಕಡೆಯ ಸರವನ್ನೂ ಅಮ್ಮನ ಕಡೆಯ ಸರವನ್ನೂ ಅಲ್ಲಲ್ಲಿ ಕತ್ತರಿಸಿ, ಅದಲುಬದಲು ಮಾಡಿ, ಮಕ್ಕಳಿಗೆ ಕೊಡೋದು. ಹತ್ತಿರದ ಸಂಬಂಧಿಕರಾದ್ರೆ ಒಂದೇ ಥರದ ತುಂಡು ಉದ್ದ ಇರುತ್ತೆ. ದೂರ ಆಗ್ತಾ ಆಗ್ತಾ ಚಿಕ್ಕದಾಗುತ್ತೆ. ನಿಮ್ಮಿಬ್ಬರ ಕೈಲಿರೋದು ಒಬ್ಬರೇ ಮನುಷ್ಯರಿಂದ ಬಂದ ತುಂಡು. ನೂರಾರು ವರ್ಷದ ಹಿಂದೆ ಎಲ್ಲೋ ಇದ್ದ ಒಬ್ಬರು."

"ಗಂಡಸಾ, ಹೆಂಗಸಾ?" ಎಂದು ಕೇಳಿದಳು ವಾರ್ತೆ.

"ಗೊತ್ತಿಲ್ಲ."

"ಅವರಿಗೂ ಕಣ್ಣು ಕಾಣ್ತಿರಲಿಲ್ವಾ?"

"ಕಾಣ್ತಿತ್ತು. ನಮ್ಮೆಲ್ಲರ ಹತ್ರ ಎರಡೆರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದರಲ್ಲಿ ಮಾತ್ರ ಈ ಚೌಕ ಇದ್ರೆ ಏನೂ ಆಗಲ್ಲ. ಅದು ತಮ್ಮೊಳಗೆ ಇದೆ ಅಂತ ಅವರಿಗೆ ತಿಳಿದೇ ಇರಲಿಲ್ಲ. ಬಿಸಿಲು ಮಳೆ ನೋಡ್ಕೊಂಡು, ಮಕ್ಕಳನ್ನ ಹೆತ್ತು, ಹೊರಟುಹೋದ್ರು."

ಹೆಸರಿಲ್ಲದ, ಮುಖವಿಲ್ಲದ ಆ ಯಾರೋ ಕೋಣೆಯೊಳಗೆ ಬಂದು ಮೇಜಿನ ತುದಿಯಲ್ಲಿ ನಿಂತಂತೆ ಎಲ್ಲರಿಗೂ ಅನ್ನಿಸಿತು. ಕಿಟಕಿಯಾಚೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು.

ಬೆಂಚಿನಿಂದ ವಾರ್ತೆಯ ತಾಯಿ ಎದ್ದು ಬಂದಳು. "ಮೇಡಂ, ಎರಡು ಪ್ರತಿ ಅಂದ್ರಲ್ಲ. ನನ್ನ ಮಗಳಿಗೆ ಎರಡರಲ್ಲೂ ಚೌಕವೇ ಅಂದ್ರೆ…"

"ಒಂದು ನಿಮ್ಮಿಂದ. ಇನ್ನೊಂದು ನಿಮ್ಮ ಯಜಮಾನರಿಂದ. ನೀವಿಬ್ಬರೂ ಆ ಒಬ್ಬರ ವಂಶದವರೇ."

"ನನ್ನೊಬ್ಬಳಿಂದ ಅಲ್ಲ."

"ನಿಮ್ಮೊಬ್ಬರಿಂದ ಬರೋಕೆ ಸಾಧ್ಯವೇ ಇಲ್ಲ."

ತಾಯಿ ಮೇಜಿನ ಅಂಚು ಹಿಡಿದು ನಿಂತಳು. ಮಗಳು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅವಳು ಕೇಳಿದ ಮಾತುಗಳು ಯಾವುವೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಜ್ಜಿ ತಲೆ ತಗ್ಗಿಸಿ ಕೂತಿದ್ದ ರೀತಿಯೇ ಹೇಳುತ್ತಿತ್ತು.

ಬಹಳ ಹೊತ್ತಿನ ಮೇಲೆ ಅಜ್ಜಿ ಮೇಜಿನ ಬಳಿ ಬಂದು, "ನನ್ನ ಕೈಗೂ ಕೊಡು," ಎಂದರು. ವಾರ್ತೆ ಅವರ ಬೆರಳು ಹಿಡಿದು ಮಣಿಯ ಮೇಲಿಟ್ಟಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಸವರಿದರು.

"ಇದು ನನ್ನೊಳಗೂ ಇದೆಯೇನಮ್ಮ?"

"ನಿಮ್ಮಲ್ಲೋ, ನಿಮ್ಮ ಯಜಮಾನರಲ್ಲೋ, ಒಬ್ಬರಲ್ಲಂತೂ ಇದ್ದೇ ಇತ್ತು," ಎಂದಳು ಟೀಚರ್.

"ಹೋದವರಲ್ಲೇ ಇದ್ದಿರಬೇಕು. ಬೇಡದ್ದೆಲ್ಲ ಅವರ ಕಡೆಯದೇ," ಎಂದರು ಅಜ್ಜಿ. ಡ್ರೈವರ್ ತಡೆಯಲಾರದೆ ನಕ್ಕುಬಿಟ್ಟ. ಮಕ್ಕಳೂ ನಕ್ಕರು. ಅಜ್ಜಿ ನಗಲಿಲ್ಲ. ಬೆಂಚಿಗೆ ಮರಳಿ, ಸ್ವಲ್ಪ ಸರಿದು ಕೂತು, ಸೊಸೆಗೆ, "ನಿಂತೇ ಇದ್ದೀಯಲ್ಲ, ಕಾಲು ನೋಯಲ್ವಾ? ಬಾ, ಇಲ್ಲಿ ಕೂತ್ಕೋ," ಎಂದರು. ಸೊಸೆ ಬಂದು ಕೂತಳು.

ಆಮೇಲೆ ಎರಡು ಮನೆಯವರೂ ಎಳೆ ಹುಡುಕಲು ಕೂತರು. ಡ್ರೈವರ್ ತನ್ನ ಅಜ್ಜನ ಊರು ಹೇಳಿದ. ಅಜ್ಜಿ ತಮ್ಮ ಮುತ್ತಜ್ಜಿಯ ಹೆಸರು ಹೇಳಿದರು. ಅದರಾಚೆ ಏನೂ ಹೊಳೆಯಲಿಲ್ಲ. ಡ್ರೈವರನಿಗೆ ಮುತ್ತಜ್ಜನ ಬಗ್ಗೆ ತಿಳಿದಿದ್ದು ಕುಂಟುತ್ತಿದ್ದರು ಎಂಬುದೊಂದೇ. ಎಷ್ಟು ಬಗೆದರೂ ನಾಲ್ಕು ತಲೆಮಾರಿಗೆ ಎರಡೂ ಕಡೆಯ ನೆನಪು ಬರಿದಾಯಿತು. ಆದರೆ ಮೇಜಿನ ಮೇಲೆ ಮಣಿಗಳು ಇದ್ದೇ ಇದ್ದವು. ಯಾರೂ ನೆನಪಿಟ್ಟುಕೊಳ್ಳದಿದ್ದುದನ್ನು ಇಬ್ಬರು ಮಕ್ಕಳ ಮೈ ನೆನಪಿಟ್ಟುಕೊಂಡಿತ್ತು.

"ಹಾಗಾದ್ರೆ ನಾನು ಇವಳಿಗೆ ಏನಾಗ್ಬೇಕು?" ಎಂದು ಕೇಳಿದ ವಕೀಲ.

"ಅಣ್ಣನೋ ತಮ್ಮನೋ, ಏನೋ ಒಂದು," ಎಂದ ಅವನ ತಂದೆ.

"ತಮ್ಮ," ಎಂದಳು ವಾರ್ತೆ.

"ತಲೆಮಾರು ಲೆಕ್ಕ ಹಾಕದೆ ಹೇಗೆ ಹೇಳ್ತೀಯಾ? ನಾನು ನಿನಗೆ ಚಿಕ್ಕಪ್ಪ ಆಗಿರಬಹುದು. ತಾತನೂ ಆಗಿರಬಹುದು."

"ತಾತನಾದ್ರೆ ನನ್ನ ಚೀಲ ಹೊತ್ಕೊಂಡು ನಡಿ."

ಇಬ್ಬರೂ ಕಿತ್ತಾಡುತ್ತಲೇ ಮತ್ತೆ ಮೇಜಿಗೆ ಬಗ್ಗಿದರು. ಈ ಸಲ ಯಾರೂ ಹೇಳಿರಲಿಲ್ಲ. ಬೆರಳುಗಳನ್ನು ಪಕ್ಕಪಕ್ಕ ಇಟ್ಟು ಎಡತುದಿಯಿಂದ ಶುರುಮಾಡಿದರು. ಸಾಲುಗಳು ಬೇರೆ ಬೇರೆಯಾಗಿದ್ದಷ್ಟು ದೂರ ಅವರ ವಾದ ನಡೆಯಿತು. ಎರಡೂ ಒಂದಾಗುವ ಜಾಗಕ್ಕೆ ಬೆರಳು ತಲುಪಿದ್ದೇ ಇಬ್ಬರೂ ಸುಮ್ಮನಾದರು. ಅಲ್ಲಿಂದ ಮುಂದಕ್ಕೆ ತೀರ ಮೆಲ್ಲಗೆ, ಮಲಗಿರುವ ಯಾರನ್ನೋ ಎಬ್ಬಿಸಬಾರದೆಂಬಂತೆ, ಒಂದೊಂದೇ ಮಣಿ ಮುಟ್ಟುತ್ತಾ ಹೋದರು.