ಹೊಂಗೆಎಣ್ಣೆಯ ತಳದ ಸೂಜಿಗಳು

ದಾವಣಗೆರೆಯ ಸಾಬೂನಿನ ಸಾವುಕಾರ ಎಣ್ಣೆಡಬ್ಬಿಗಳನ್ನು ವಾಪಸು ಕಳಿಸಿದ್ದು ಎಪ್ಪತ್ತೇಳರ ಜನವರಿಯ ಚಳಿಯಲ್ಲಿ. ಡಬ್ಬಿ ತಂದ ಆಳು ಕೂಡ್ಲಿಗಿಯ ಗಾಣದ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದ: "ತಳದಾಗ ಏನೋ ಕಲಬೆರಕಿ ಐತ್ರಿ. ಕೈಗೆ ಉಸುಕಿನಂಗ ಹತ್ತತೈತಿ. ಇನ್ಮ್ಯಾಲ ನಿಮ್ಮ ಹೊಂಗಿ ಎಣ್ಣಿ ಬ್ಯಾಡ ಅಂದಾರ ನಮ್ಮ ಸಾವ್ಕಾರ್ರು."

ಡೀಸೆಲ್ ಎಂಜಿನ್ನಿಗೆ ಬೆಲ್ಟು ಹಾಕಿ ಗಾಣ ತಿರುಗಿಸುತ್ತಿದ್ದ ಖಾಜಾಸಾಬ್‌ಗೆ ಅದಕ್ಕಿಂತ ದೊಡ್ಡ ಬೈಗುಳ ಬೇರೊಂದಿರಲಿಲ್ಲ. ಅವನ ಅಪ್ಪನ ಕಾಲದಿಂದಲೂ ಆ ಗಾಣದ ಎಣ್ಣೆಗೆ ಯಾರೂ ಹೆಸರಿಟ್ಟಿರಲಿಲ್ಲ. ಎರಡು ದಿನ ಅವನು ಎಂಜಿನ್ನಿಗೆ ಬೆಲ್ಟು ಹಾಕಲಿಲ್ಲ. ಮೂರನೆಯ ದಿನ, ಡಬ್ಬಿಗಳ ತಳದ ಆ ಮಡ್ಡಿಯನ್ನೆಲ್ಲ ತಿಪ್ಪೆಗೆ ಚೆಲ್ಲಿಬಿಡು ಎಂದು ಹೆಂಡತಿಗೆ ಹೇಳಿ ಮಸೀದಿಯ ಕಡೆ ಹೋದ.

ಜೈನಾಬ್ ಬೀ ಚೆಲ್ಲಿದಳು, ಆದರೆ ಒಂದು ಸೀಸೆಯಷ್ಟನ್ನು ಉಳಿಸಿಕೊಂಡಳು. ಬಿಸಿಲಿಗೆ ಹಿಡಿದು ನೋಡಿದರೆ ತಳದಲ್ಲಿದ್ದದ್ದು ಉಸುಕಲ್ಲ. ಕೂದಲೆಳೆಗಿಂತ ಸಣ್ಣ ಸೂಜಿಗಳು ಒಂದರ ಮೇಲೊಂದು ಬಿದ್ದು ಫಳಫಳ ಹೊಳೆಯುತ್ತಿದ್ದವು. ಗಂಡ ಏನೂ ಬೆರೆಸಿಲ್ಲವೆಂಬುದು ಅವಳಿಗೆ ಗೊತ್ತು. ಹಾಗಾದರೆ ಇವು ಬಂದದ್ದೆಲ್ಲಿಂದ?

ಅವಳು ಬಟ್ಟೆಯಲ್ಲಿ ಸೋಸಿ, ಚಿಟಿಕೆಯಷ್ಟು ತೆಗೆದು ನೀರಿಗೆ ಹಾಕಿದಳು. ಕರಗಲಿಲ್ಲ. ಅಂದಮೇಲೆ ಉಪ್ಪಲ್ಲ, ಸಕ್ಕರೆಯಲ್ಲ, ಪಟಕವೂ ಅಲ್ಲ. ಹಳೆಯ ಕಬ್ಬಿಣದ ಸೌಟಿಗೆ ಹಾಕಿ ಒಲೆಯ ಮೇಲೆ ಹಿಡಿದಳು. ಸಕ್ಕರೆಯಂತೆ ಕಪ್ಪಾಗದೆ ತಿಳಿಯಾಗಿ ಕರಗಿತು. ಆರಿದ ಮೇಲೆ ಮತ್ತೆ ಗಟ್ಟಿಯಾಯಿತು. ಆ ಸಂಜೆ ರೊಟ್ಟಿ ಬಡಿಯುವಾಗಲೂ ಅವಳ ಕಣ್ಣು ಆ ಸೌಟಿನ ಮೇಲೆಯೇ.

ಹೊಂಗೆಬೀಜ ಆರಿಸಿ ತಂದು ಗಾಣಕ್ಕೆ ಹಾಕುತ್ತಿದ್ದ ಪಕ್ಕದ ಓಣಿಯ ಎರ್ರೆಮ್ಮನನ್ನು ಜೊತೆಗೆ ಕರೆದುಕೊಂಡು, ಮುಂದಿನ ಶನಿವಾರ ಅವಳು ಕೊಟ್ಟೂರಿನ ಬಸ್ಸು ಹತ್ತಿದಳು. ಅಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಹಾಲೇಶಪ್ಪ ಎಂಬ ಮೇಷ್ಟ್ರಿದ್ದಾರೆಂದು ಯಾರೋ ಹೇಳಿದ್ದರು.

ಹಾಲೇಶಪ್ಪನಿಗೆ ಮೂವತ್ತೈದರ ಹತ್ತಿರ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಯ ಆಸೆಯನ್ನು ಅಲ್ಲೇ ಬಿಟ್ಟು ಊರಿಗೆ ಮರಳಿದವನು. ಬುರ್ಖಾದ ಹೆಂಗಸೊಬ್ಬಳು ಸೀಸೆ ಹಿಡಿದು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಾಗ, ಯಾರಿಗೋ ವಿಷ ಹಾಕಿದ್ದಾರೆಂಬ ಸಂಶಯಕ್ಕೆ ಬಂದಿರಬೇಕು ಅಂದುಕೊಂಡ. ಅವಳು ನೀರಿನ, ಸೌಟಿನ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅವನು ಕುರ್ಚಿಯಿಂದ ಎದ್ದಿದ್ದ.

"ಇದನ್ನೆಲ್ಲಾ ನಿಮಗ ಯಾರು ಹೇಳಿಕೊಟ್ರು, ಜೈನಾಬಮ್ಮಾರೆ?"

"ಯಾರಿಲ್ರಿ ಮೇಷ್ಟ್ರೆ. ಏನಲ್ಲ ಅಂತ ಗೊತ್ತಾತು. ಏನು ಅಂತ ಗೊತ್ತಾಗ್ಲಿಲ್ಲ. ಅದಕ್ಕ ಬಂದೆ."

ಹಾಲೇಶಪ್ಪ ಪೆಟ್ರೋಲಿನಂಥ ವಾಸನೆಯ ದ್ರಾವಕದಿಂದ ಸೂಜಿಗಳಿಗೆ ಅಂಟಿದ್ದ ಎಣ್ಣೆ ತೊಳೆದ. ಉಳಿದದ್ದನ್ನು ಬಿಸಿ ಸ್ಪಿರಿಟ್ಟಿನಲ್ಲಿ ಕರಗಿಸಿ, ಸೋಸಿ, ನಲ್ಲಿಯ ನೀರಿನ ಕೆಳಗೆ ಹಿಡಿದು ತಣ್ಣಗಾಗಿಸಿದ. ಬಂದದ್ದು ಬರೀ ಹಿಟ್ಟು. ಮತ್ತೆ ಮಾಡಿದ, ಮತ್ತೆ ಹಿಟ್ಟು. ಮುಂದಿನ ಶನಿವಾರವೂ ಅದೇ ಆಯಿತು. ಹರಳು ಚೊಕ್ಕವಾಗಿ ಕಟ್ಟದಿದ್ದರೆ ಪರೀಕ್ಷೆಗೆ ಬಾರದು ಎಂದು ಅವನು ಬೇಸರಪಟ್ಟ.

"ನೀವು ಅವಸರ ಮಾಡ್ತೀರಿ," ಅಂದಳು ಜೈನಾಬ್ ಬೀ. "ತುಪ್ಪ ಕಾಸಿ ತಣ್ಣೀರಾಗ ಇಟ್ರ ಹರಳುಗಟ್ಟತೈತೇನ್ರಿ? ನಿಧಾನಕ್ಕ ಆರಬೇಕು. ಒಂದು ಕೌದಿ ಐತೇನು?"

ಕೌದಿ ಇರಲಿಲ್ಲ, ಜವಾನನ ಕಂಬಳಿ ಇತ್ತು. ಬಿಸಿ ದ್ರಾವಣದ ಸೀಸೆಯನ್ನು ಅವಳು ಕಂಬಳಿಯಲ್ಲಿ ಸುತ್ತಿ, ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಹೂತಿಟ್ಟಳು. ಸೋಮವಾರ ಹಾಲೇಶಪ್ಪ ಪೆಟ್ಟಿಗೆ ತೆಗೆದರೆ ಸೀಸೆಯ ತುಂಬ ಬೆರಳುಗುರಿನಷ್ಟುದ್ದದ ಸೂಜಿಗಳು ಬಿಳಿ ಹೂವಿನ ಹಾಗೆ ಅರಳಿ ನಿಂತಿದ್ದವು. ಅವನು ಆ ದಿನ ಎರಡನೆಯ ಪೀರಿಯಡ್ಡಿನ ಪಾಠವನ್ನೇ ಮರೆತ.

ಸೂಜಿಗಳು ನೂರೈವತ್ತೆಂಟು ಡಿಗ್ರಿಗೆ ಕರಗಿದವು. ಧಾರವಾಡದ ಗುರುಗಳಿಗೆ ಪತ್ರ ಬರೆದ. ತಿಂಗಳ ಮೇಲೆ ಅವರಿಂದ ಹತ್ತಿಯಲ್ಲಿ ಸುತ್ತಿದ ಪುಟ್ಟ ಸೀಸೆಯೊಂದು ಬಂತು. ಹೊಂಗೆಬೀಜದಿಂದ ಐವತ್ತು ವರ್ಷಗಳ ಹಿಂದೆಯೇ ಯಾರೋ ತೆಗೆದು ಕರಂಜಿನ್ ಎಂದು ಹೆಸರಿಟ್ಟ ವಸ್ತು. ನಿನ್ನದೂ ಅದೇ ಇರಬಹುದು, ಕೂಡಿಸಿ ನೋಡು ಎಂದು ಬರೆದಿದ್ದರು.

ಆ ಶನಿವಾರ ಹಾಲೇಶಪ್ಪ ಮೂರು ಸಣ್ಣ ಗಾಜಿನ ನಳಿಗೆಗಳನ್ನು ಸಿದ್ಧಮಾಡಿದ. ಒಂದರಲ್ಲಿ ಕೂಡ್ಲಿಗಿಯ ಹರಳು, ಒಂದರಲ್ಲಿ ಧಾರವಾಡದ್ದು, ನಡುವಿನದರಲ್ಲಿ ಎರಡನ್ನೂ ಅರೆದು ಬೆರೆಸಿದ್ದು.

"ಎರಡೂ ಒಂದೇ ಆಗಿದ್ರ ಕೂಡಿಸಿದ್ರೂ ಅದೇ ಬಿಸಿಗೆ ಕರಗ್ತಾವ," ಎಂದ. "ಬ್ಯಾರೆಬ್ಯಾರೆ ಆಗಿದ್ರ ನಡುವಿನದು ಮೊದ್ಲ ಕರಗತೈತಿ. ಹಂಗಾದ್ರ ನಾವು ಹೊಸಾದು ಏನೋ ಹಿಡದೀವಿ ಅಂತ ಲೆಕ್ಕ."

ಅವನ ದನಿಯಲ್ಲಿದ್ದ ಆಸೆ ಎರ್ರೆಮ್ಮನಿಗೂ ತಿಳಿಯಿತು. ಮೂವರೂ ನಳಿಗೆಗಳ ಮುಂದೆ ಬಗ್ಗಿ ಕೂತರು. ನೂರನಲವತ್ತು ದಾಟಿತು. ನೂರೈವತ್ತು. ನಡುವಿನದು ಅಲುಗಲಿಲ್ಲ. ನೂರೈವತ್ತೆಂಟಕ್ಕೆ ಮೂರೂ ಒಂದೇ ಸಲ ಬೆವೆತಂತಾಗಿ, ಕುಸಿದು, ನೀರಾದವು.

ಹೊಸದೇನೂ ಅಲ್ಲವೆಂದು ಹಾಲೇಶಪ್ಪ ಕಾಯಿಸುವ ದೀಪ ಆರಿಸಿ, ನಳಿಗೆಗಳನ್ನು ಎತ್ತಿಟ್ಟ. ಜೈನಾಬ್ ಬೀಯ ಮುಖ ಮಾತ್ರ ಅರಳಿತ್ತು.

"ಅಂದ್ರ ಇದು ಗಿಡದಾಗೇ ಇರೋದು! ನಮ್ಮ ಮನ್ಯಾರು ಏನೂ ಬೆರೆಸಿಲ್ಲ!"

"ಹೌದ್ರಿ. ಚಳಿಗೆ ತಳಕ್ಕ ಇಳಿದೈತಿ, ಅಷ್ಟ. ಬರದು ಕೊಡ್ತೀನಿ."

ಕಾಲೇಜಿನ ಮೊಹರು ಬಿದ್ದ ಆ ಕಾಗದವನ್ನು ಖಾಜಾಸಾಬ್ ತಾನೇ ದಾವಣಗೆರೆಗೆ ಒಯ್ದ. ಸಾವುಕಾರ ಎರಡು ಸಲ ಓದಿ, ಚಹಾ ತರಿಸಿ, ಬೇಸಿಗೆಯಿಂದ ಮತ್ತೆ ಎಣ್ಣೆ ಕಳಿಸಿ ಎಂದ. ಅಲ್ಲಿಗೆ ಖಾಜಾಸಾಬ್‌ನ ಮಟ್ಟಿಗೆ ಸಂಗತಿ ಮುಗಿಯಿತು. ಇನ್ನೂ ಕೊಟ್ಟೂರಿಗೆ ಯಾಕೆ ಓಡಾಡುತ್ತೀ ಎಂದು ಹೆಂಡತಿಯನ್ನು ಕೇಳಿದ. ಅವಳಿಗೆ ಒಂದು ಅನುಮಾನ ಉಳಿದಿತ್ತು. ಕಜ್ಜಿಯಾದವರೆಲ್ಲ ಹೊಂಗೆಎಣ್ಣೆ ಒಯ್ಯಲು ತನ್ನ ಬಾಗಿಲಿಗೇ ಬರುತ್ತಾರೆ. ಕಜ್ಜಿ ವಾಸಿಮಾಡುವುದು ಈ ಸೂಜಿಯೋ, ಬೇರೇನೋ?

ಆ ವರ್ಷ ಮಳೆಗಾಲದಲ್ಲಿ ಎರ್ರೆಮ್ಮನ ಎರಡೂ ಕೈಗೆ ಕಜ್ಜಿ ಎದ್ದಿತು. ಹಾಲೇಶಪ್ಪನೇ ಆಗಿದ್ದರೆ ಎರಡಕ್ಕೂ ಸೂಜಿಯನ್ನೇ ಹಚ್ಚುತ್ತಿದ್ದನೇನೋ. ಅಷ್ಟು ಚೆಂದದ ವಸ್ತು ಕೆಲಸಕ್ಕೆ ಬಾರದೆಂದು ನಂಬುವುದು ಕಷ್ಟ. ಜೈನಾಬ್ ಬೀ ಸೂಜಿಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಅರೆದು ಎಡಗೈಗೆ, ಸೂಜಿ ತೆಗೆದು ಉಳಿದ ಹೊಂಗೆಎಣ್ಣೆಯನ್ನು ಬಲಗೈಗೆ ಹಚ್ಚಿದಳು.

"ಎರಡಕ್ಕೂ ಛಲೋದನ್ನ ಹಚ್ಚಬಾರ್ದೇನಕ್ಕ?" ಎಂದಳು ಎರ್ರೆಮ್ಮ.

"ಛಲೋದು ಯಾವ್ದು ಅಂತ ಗೊತ್ತಾಗ್ಲಿ ತಡಿಯ. ಎಂಟು ದಿನ. ಆಮ್ಯಾಲ ಎರಡಕ್ಕೂ ಅದನ್ನ ಹಚ್ಚೂಣು."

ಎಂಟು ದಿನಕ್ಕೆ ಬಲಗೈ ಒಣಗಿ ತಿಳಿಯಾಯಿತು. ಎಡಗೈ ಇದ್ದಂತೆಯೇ ಇತ್ತು. ಎರ್ರೆಮ್ಮ ತಾನೇ ಬಸ್ಸು ಹತ್ತಿ ಹೋಗಿ, ಎರಡೂ ಕೈಗಳನ್ನು ಹಾಲೇಶಪ್ಪನ ಮೇಜಿನ ಮೇಲೆ ಚಾಚಿ, "ನೋಡ್ರಿ, ನಿಮ್ಮ ಹೊಳಿಯೋ ಸೂಜಿಯಿಂದ ಏನೂ ಆಗಂಗಿಲ್ಲ" ಎಂದಳು.

ಅವನು ಆ ಕೈಗಳನ್ನು ಬಹಳ ಹೊತ್ತು ನೋಡಿದ. ಒಂದೇ ಹೆಂಗಸಿನ ಕೈ ಸಾಲದು, ಇನ್ನೂ ಹತ್ತಾರು ಮಂದಿಯಲ್ಲಿ ನೋಡಬೇಕು ಎಂದ. ಹಾಗೆನ್ನುತ್ತಲೇ ಡ್ರಾಯರಿನಿಂದ ಹೊಸ ನೋಟುಪುಸ್ತಕ ತೆಗೆದ. ಮರುವರ್ಷ ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿಸಿದ. ಆರು ವರ್ಷ ರಜೆಗಳನ್ನೆಲ್ಲ ಅಲ್ಲೇ ಕಳೆದು, ಆ ಎಣ್ಣೆಯನ್ನು ಸಿಲಿಕಾ ಪುಡಿ ತುಂಬಿದ ಉದ್ದನೆಯ ಗಾಜಿನ ಕೊಳವೆಗಳಲ್ಲಿ ಹಾಯಿಸಿ ತುಣುಕು ತುಣುಕಾಗಿ ಬೇರ್ಪಡಿಸಿ, ಕಜ್ಜಿಯಾದವರಿಗೆ ಒಂದೊಂದಾಗಿ ಹಚ್ಚಿ ನೋಡಿದ. ವರ್ಷವರ್ಷವೂ ಎಣ್ಣೆ ಹೋದದ್ದು ಕೂಡ್ಲಿಗಿಯಿಂದಲೇ. ಯಾವ ಹಳ್ಳಿಯ ಬೀಜ, ಯಾವ ತಿಂಗಳು ಆರಿಸಿದ್ದು ಎಂಬುದನ್ನು ಎರ್ರೆಮ್ಮ ಹೇಳುತ್ತಿದ್ದಳು. ಜೈನಾಬ್ ಬೀ ಪ್ರತಿ ಡಬ್ಬಿಗೂ ಚೀಟಿ ಬರೆದು ಅಂಟಿಸುತ್ತಿದ್ದಳು.

ಎಂಬತ್ನಾಲ್ಕರಲ್ಲಿ ಪದವಿ ಬಂದ ಮರುದಿನವೇ ಹಾಲೇಶಪ್ಪ ದಪ್ಪ ಪ್ರಬಂಧ ಹಿಡಿದುಕೊಂಡು ಗಾಣಕ್ಕೆ ಬಂದ. ಮೊದಲ ಪುಟದಲ್ಲಿ ಇಬ್ಬರು ಹೆಂಗಸರ ಹೆಸರೂ ಅಚ್ಚಾಗಿದ್ದವು. ಜೈನಾಬ್ ಬೀ ತನ್ನ ಹೆಸರಿನ ಮೇಲೆ ಬೆರಳಾಡಿಸಿ, ಪುಸ್ತಕವನ್ನು ಬದಿಗಿಟ್ಟಳು.

"ಕಡೀಕ ಏನು ಸಿಕ್ತು, ಮೇಷ್ಟ್ರೆ?"

"ಒಂದು ಅಂತ ಸಿಗ್ಲಿಲ್ರಿ. ನಾಕು ತುಣುಕು ಕೂಡಿದ್ರನ ಕಜ್ಜಿ ಹೋಗತೈತಿ. ಬ್ಯಾರೆಬ್ಯಾರೆ ಹಚ್ಚಿದ್ರ ಒಂದಕ್ಕೂ ಕಸುವಿಲ್ಲ."

"ಕೂಡಿದಾಗ ಅಷ್ಟ ಯಾಕ ಹೋಗತೈತಿ?"

ಹಾಲೇಶಪ್ಪ ನಕ್ಕುಬಿಟ್ಟ. "ಮುಂಬಯಿಯಿಂದ ಬಂದಿದ್ದ ಪರೀಕ್ಷಕರೂ ಇದನ್ನ ಕೇಳಿದ್ರು. ಗೊತ್ತಿಲ್ರಿ ಅಂದೆ."

"ಗೊತ್ತಿಲ್ಲ ಅಂದ್ರೂ ಪಾಸ್ ಮಾಡಿದ್ರಾ?"

"ಮಾಡಿದ್ರು ನೋಡ್ರಿ."

ಜೈನಾಬ್ ಬೀ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ, ಚಹಾಕ್ಕಿಡಲು ಒಳಗೆ ಹೋದಳು.