ಅತ್ತಿಗೆಯನ್ನು ಕ್ವಿಜ್‌ಗೆ ಕರೆಯುವ ಕ್ರಮ

ಐರ್ಲೆಂಡಿನ ನಮ್ಮೂರು ಕಿಲ್‌ಡೆರ್ರಿನ್‌ನಲ್ಲಿ ಯಾರ ಮನೆಗೆ ಹೋದರೂ ಮೊದಲು ಚಹಾ ಬೇಡ ಎನ್ನಬೇಕು. "ಅಯ್ಯೋ, ಈಗಷ್ಟೇ ಕುಡಿದು ಬಂದೆ" ಎನ್ನಬೇಕು. ಎರಡನೆಯ ಸಲ ಕೇಳಿದರೆ "ನಿಮಗ್ಯಾಕೆ ಸುಮ್ಮನೆ ತೊಂದರೆ" ಎನ್ನಬೇಕು. ಮೂರನೆಯ ಸಲ ಕೇಳುವ ಹೊತ್ತಿಗೆ ಹೇಗೂ ನೀರು ಕುದಿಯುತ್ತಿರುತ್ತದೆ. ಆಗ "ಸರಿ, ಒಂದೇ ಗುಟುಕು" ಎಂದು ಕೂತು, ಹೊಟ್ಟೆ ತುಂಬ ಚಹಾ ಕುಡಿದು, ಮೇಲೆ ಎರಡು ಹ್ಯಾಮ್ ಸ್ಯಾಂಡ್‌ವಿಚ್ ತಿಂದು ಬರಬೇಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ. ಮೊದಲ ಸಲಕ್ಕೇ ಹೂಂ ಎಂದವರನ್ನು ನಾವು ಏನೂ ಅನ್ನುವುದಿಲ್ಲ; ಅವರು ಎದ್ದು ಹೋದ ಮೇಲೆ ಅನ್ನುತ್ತೇವೆ.

ಈ ವಿದ್ಯೆಯಲ್ಲಿ ನನ್ನ ಅತ್ತಿಗೆ ಅಟ್ರಾಕ್ಟಾಳನ್ನು ಮೀರಿಸಿದವರು ಸುತ್ತ ಹತ್ತೂರಲ್ಲಿ ಇಲ್ಲ. ನಮ್ಮಣ್ಣ ಕೋಲ್ಮನ್ ಮದುವೆಯಾಗೋಣವೇ ಎಂದು ಕೇಳಿದಾಗಲೂ ಎರಡು ಸಲ ಬೇಡ ಅಂದವಳು ಅವಳು. ಅಣ್ಣ ಇದೇ ಊರಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಎದೆಗುಂದಲಿಲ್ಲ. ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಮತ್ತೆ ಹೋಗಿ ಕೇಳಿದ.

ಸಂತ ಪ್ಯಾಟ್ರಿಕ್‌ನ ಹಬ್ಬಕ್ಕೆ ಮುಂಚಿನ ಭಾನುವಾರ ಮಧ್ಯಾಹ್ನ ನಮ್ಮ ಪಬ್‌ನಲ್ಲಿ ಕ್ವಿಜ್ ನಡೆಯುತ್ತದೆ. ಮೇಜಿಗೆ ನಾಲ್ವರು, ಮೂವರಾದರೆ ಇಲ್ಲ, ಐವರಾದರೂ ಇಲ್ಲ. ಪ್ರಶ್ನೆ ಸಿದ್ಧಪಡಿಸುವವಳೂ ಓದುವವಳೂ ನಾನು, ಡಿಂಪ್ನಾ ಗೆರಾಟಿ. ನಿಯಮದ ವಿಷಯದಲ್ಲಿ ನಾನು ಪಾದ್ರಿಗೂ ಜಗ್ಗುವವಳಲ್ಲ. ಅಣ್ಣ ಅತ್ತಿಗೆ ಇಬ್ಬರೂ ತಪ್ಪದೆ ಆಡುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಅವರ ಮೇಜಿನ ತಂಡ ಚದುರಿಹೋಯಿತು, ಅತ್ತಿಗೆ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದಳು. ಅಂಗಡಿ, ಚರ್ಚು, ಮನೆ, ಅಷ್ಟೇ. ನಾನು ಕರೆದೆ. ಮೂರು ಸಲವೂ ಕರೆದೆ. ಮೂರನೆಯದಕ್ಕೂ ಅವಳು ಬೇಡ ಅಂದಳು. ಮೂರನೆಯ ಬೇಡ ನಮ್ಮಲ್ಲಿ ನಿಜವಾದ ಬೇಡ.

"ನೀನು ಕರೀತಿರೋದು ನನ್ನ ಮೇಲಿನ ಕನಿಕರಕ್ಕೆ ಕಣೇ," ಅಂದಳು. "ನಾನು ಬಂದಿಲ್ಲ ಅಂದ್ರೆ ಅಲ್ಲಿ ಯಾರ ಆಟ ನಿಂತೋಗುತ್ತೆ, ಹೇಳು?"

ಅವಳಿಗೆ ಬೇಕಾಗಿದ್ದುದು ಜೊತೆ ಅಲ್ಲ, ತನ್ನ ಅಗತ್ಯ ಯಾರಿಗಾದರೂ ಇದೆ ಎನ್ನುವ ಮಾತು. ಅದನ್ನು ನಾದಿನಿ ಹೇಳಿದರೆ ನಡೆಯುವುದಿಲ್ಲ.

ಈಗೀಗ ಊರಲ್ಲಿ ಹತ್ತಾರು ಭಾಷೆಗಳು ಕಿವಿಗೆ ಬೀಳುತ್ತವೆ ಎಂದು ಈ ಸಲ ಕ್ವಿಜ್‌ನ ಅರ್ಧ ಭಾಗವನ್ನು ಲೋಕದ ಭಾಷೆಗಳ ಮೇಲೂ ಉಳಿದರ್ಧವನ್ನು ನಮ್ಮ ಐರ್ಲೆಂಡಿನ ಹಾಡು, ಹಬ್ಬ, ಆಚಾರಗಳ ಮೇಲೂ ಇಟ್ಟಿದ್ದೆ. ಪಬ್ ಬಾಗಿಲಿಗೆ ಚೀಟಿ ಅಂಟಿಸಿದ ದಿನವೇ ವಾಲ್ದೀರ್ ನನ್ನ ಮನೆಗೆ ಬಂದ. ಬ್ರೆಜಿಲ್‌ನವನು, ಮಾಂಸದ ಕಾರ್ಖಾನೆಯಲ್ಲಿ ಕೆಲಸ, ಅತ್ತಿಗೆಯ ಪಕ್ಕದ ಮನೆಯಲ್ಲೇ ಹೆಂಡತಿಯೊಂದಿಗೆ ವಾಸ.

"ಡಿಂಪ್ನಾ ಅಕ್ಕ, ನಾವೂ ಆಡ್ತೀವಿ. ನಾನು, ನನ್ನ ಹೆಂಡ್ತಿ ರೊಸಾಂಜೆಲಾ, ನೈಜೀರಿಯಾದ ನರ್ಸ್ ಟೆಮಿಟೋಪೆ. ಭಾಷೆ ಅಂದ್ರೆ ಮೂರು ಜನಕ್ಕೂ ನಾಲಿಗೆ ತುದೀಲಿದೆ. ಆದ್ರೆ ನಿಮ್ಮ ಸಂತರು, ನಿಮ್ಮ ಡೋಲು, ನಿಮ್ಮ ಹುಲ್ಲಿನ ಶಿಲುಬೆ ಇವೆಲ್ಲ ನಮಗೆ ತಲೆಬುಡ ಗೊತ್ತಿಲ್ಲ. ನಾಲ್ಕನೇವರು ಯಾರಾದ್ರೂ ಇದ್ದಾರಾ?"

"ನಿನ್ನ ಪಕ್ಕದ ಮನೇಲೇ ಇದ್ದಾಳಲ್ಲೋ. ಹೋಗಿ ಕೇಳು," ಅಂದೆ.

ಹೋದವನು ಸ್ವಲ್ಪ ಹೊತ್ತಿಗೇ ತಿರುಗಿ ಬಂದ. ಮುಖ ಸಪ್ಪೆಯಾಗಿತ್ತು. "ಬೇಡ ಅಂದ್ರು."

"ಹೇಗಂದಳು? ಇದ್ದದ್ದು ಇದ್ದ ಹಾಗೆ ಹೇಳು."

"'ಅಯ್ಯೋ ನನ್ನನ್ನ ಕಟ್ಕೊಂಡು ನೀವೇನ್ ಮಾಡ್ತೀರಪ್ಪಾ, ನನ್ನ ತಲೆ ಖಾಲಿ' ಅಂದ್ರು."

ನಾನು ಹಣೆ ಚಚ್ಚಿಕೊಂಡೆ. "ಅದು ಬೇಡ ಅಲ್ವೋ ಮಾರಾಯ! ಅದು ಬರ್ತೀನಿ ಅಂತ! ಹೋಗು, ಇನ್ನೊಂದ್ಸಲ ಕೇಳು."

ವಾಲ್ದೀರ್ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. ಅವನ ಊರಲ್ಲಿ ದೊಡ್ಡವರು ಬೇಡ ಅಂದರೆ ಮುಗಿಯಿತಂತೆ, ಮತ್ತೆ ಪೀಡಿಸುವುದು ಮರ್ಯಾದೆ ಅಲ್ಲವಂತೆ. ಆದರೂ ನನ್ನ ಮಾತಿಗೆ ಕಟ್ಟುಬಿದ್ದು ಹೋದ. ಈ ಸಲ ಬಂದವನ ಕಿವಿಗಳು ಕೆಂಪಾಗಿದ್ದವು.

"'ಯಾರಾದ್ರೂ ಚಿಕ್ಕ ವಯಸ್ಸಿನವರನ್ನ ನೋಡ್ಕೊಳಪ್ಪಾ' ಅಂದ್ರು. ನಂಗೆ ನಾಚಿಕೆಯಾಗೋಯ್ತು ಅಕ್ಕ. ಕ್ಷಮೆ ಕೇಳ್ದೆ. ದೋನಾ ಅಟ್ರಾಕ್ಟಾ, ಈ ವಿಷಯಕ್ಕೆ ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ ಅಂತ ಎದೆ ಮುಟ್ಕೊಂಡು ಮಾತು ಕೊಟ್ಟೆ." ದೋನಾ ಅಂದರೆ ಅವರ ಭಾಷೆಯಲ್ಲಿ ಅಮ್ಮಾವರೇ ಎಂದಂತೆ.

"ಮಾತು ಕೊಟ್ಯಾ?" ನಾನು ಕಿರುಚಿದೆ. "ಮೂರನೇ ಸಲ ಕೇಳಿದ್ರೆ ಹೂಂ ಅಂತಿದ್ಲು ಕಣೋ! ಇಲ್ಲಿ ಮೂರು ಸಲ ಕೇಳ್ಬೇಕು. ಎರಡು ಸಲ ಬೇಡ ಅನ್ನೋದು ನಮ್ಮ ಮರ್ಯಾದೆ!"

"ಅದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

ಹೇಳಬಹುದಿತ್ತು. ಆದರೆ ಉಸಿರಾಡುವುದು ಹೇಗೆ ಎಂದು ಯಾರಾದರೂ ಯಾರಿಗಾದರೂ ಹೇಳಿಕೊಡುತ್ತಾರೆಯೇ? ಹೋಗಲಿ, ಇನ್ನೊಂದು ಸಲ ಕೇಳು ಎಂದು ಗೋಗರೆದೆ. ವಾಲ್ದೀರ್ ಕಲ್ಲಿನ ಹಾಗೆ ನಿಂತ. ತಾಯಿ ವಯಸ್ಸಿನವರಿಗೆ ಕೊಟ್ಟ ಮಾತು ಮುರಿಯುವ ಪೈಕಿ ತಾನಲ್ಲ ಎಂದುಬಿಟ್ಟ. ಮರುದಿನ ಹೋಗಿ ದನದ ವ್ಯಾಪಾರದ ಮ್ಯಾಲಕಿಯನ್ನು ಕೇಳಿದನಂತೆ. ಮ್ಯಾಲಕಿ ನಮ್ಮವನೇ ಆದರೂ ನಾಚಿಕೆ ಬಿಟ್ಟವನು, ಮೊದಲ ಸಲಕ್ಕೇ ಒಪ್ಪಿಕೊಂಡ.

ಮೊಟ್ಟೆ ಕೇಳುವ ನೆಪ ಮಾಡಿಕೊಂಡು ಅತ್ತಿಗೆಯ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅವಳ ನೀಲಿ ಕೋಟು ಕುರ್ಚಿಯ ಬೆನ್ನಿಗೆ ಗಾಳಿಗೆ ಹಾಕಿತ್ತು, ಅಣ್ಣನ ಮಣ್ಣಿನ ದಿನದ ನಂತರ ಪೆಟ್ಟಿಗೆ ಸೇರಿದ್ದ ಕೋಟು. ತಲೆಕೂದಲನ್ನು ಪಾರ್ಲರ್‌ಗೆ ಹೋಗಿ ಸುರುಳಿ ಮಾಡಿಸಿಕೊಂಡು ಬಂದಿದ್ದಳು.

"ಪಕ್ಕದ ಮನೆಯವನು ಕೇಳಿದ್ನಂತೆ?" ಅಂದೆ.

"ಕೇಳ್ದ. ಎರಡು ಸಲ."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಕ್ಷಮೆ ಕೇಳ್ಬಿಟ್ಟ, ಪಾಪ. ಒಳ್ಳೇ ಹುಡುಗ." ಅವಳು ಮೊಟ್ಟೆಗಳನ್ನು ಕಾಗದದ ಚೀಲಕ್ಕೆ ಹಾಕಿದಳು. "ಯಾರು ಸಿಕ್ರಂತೆ ಅವರಿಗೆ?"

"ಮ್ಯಾಲಕಿ."

"ಮ್ಯಾಲಕಿನಾ!" ಒಂದು ಮೊಟ್ಟೆ ಕೈಜಾರಿ ಸಿಂಕಿಗೆ ಬಿತ್ತು. "ಅವನಿಗೆ ತನ್ನ ಹುಟ್ಟಿದಬ್ಬ ಯಾವತ್ತು ಅಂತ ಕೇಳಿದ್ರೂ ತಪ್ಪು ಹೇಳ್ತಾನೆ."

"ಹಾಗಾದ್ರೆ ನೀನೇ ಹೋಗಿ ಬರ್ತೀನಿ ಅಂತ ಹೇಳು ಅತ್ತಿಗೆ. ಗೋಡೆ ಪಕ್ಕದ ಮನೆ."

"ನಾನಾಗೇ ಹೋಗಿ ಕೇಳ್ಕೊಳೋದಾ?" ಅವಳು ನನ್ನನ್ನು ನೋಡಿದ ರೀತಿಗೆ ನಾನು ಚೀಲ ಹಿಡಿದು ಹೊರಬಿದ್ದೆ. ದಾರಿಯುದ್ದಕ್ಕೂ ವಾಲ್ದೀರನ ಸತ್ಯಸಂಧತೆಯನ್ನೂ ಅತ್ತಿಗೆಯ ಬಿಗುಮಾನವನ್ನೂ ನಮ್ಮ ಊರಿನ ಈ ದರಿದ್ರ ಮರ್ಯಾದೆಯನ್ನೂ ಒಟ್ಟಿಗೆ ಬೈದುಕೊಂಡೆ.

ಭಾನುವಾರ ಪಬ್ ತುಂಬಿಹೋಗಿತ್ತು. ಒಲೆಯ ಪಕ್ಕದ ಮೇಜಲ್ಲಿ ವಾಲ್ದೀರ್, ರೊಸಾಂಜೆಲಾ, ಟೆಮಿಟೋಪೆ, ಅವರ ನಡುವೆ ಎದೆಯುಬ್ಬಿಸಿಕೊಂಡ ಮ್ಯಾಲಕಿ. ಮೊದಲ ಸುತ್ತು ಭಾಷೆಗಳದು. ಅತಿ ಹೆಚ್ಚು ಭಾಷೆಗಳಿರುವ ದೇಶ ಯಾವುದು ಎಂದರೆ ಪಬ್ಬಿಗೆ ಪಬ್ಬೇ ಭಾರತ ಎಂದು ಬರೆಯಿತು. ಟೆಮಿಟೋಪೆ ಮಾತ್ರ ಪಪುವಾ ನ್ಯೂಗಿನಿ ಎಂದು ಸರಿಯಾಗಿ ಬರೆದಳು. ನಾನು ಎರಡನೆಯ ಸುತ್ತು ಶುರು ಮಾಡುವಾಗ ಬಾಗಿಲು ತೆರೆಯಿತು. ಅತ್ತಿಗೆ ಬಂದಳು. ನೀಲಿ ಕೋಟು, ಸುರುಳಿ ಕೂದಲು, ಕೈಯಲ್ಲಿ ಸ್ಯಾಂಡ್‌ವಿಚ್ ತಟ್ಟೆ.

"ಬಾ ಅಟ್ರಾಕ್ಟಾ, ಕೂತ್ಕೋ," ಅಂದರು ಯಾರೋ.

"ಇಲ್ಲ ಇಲ್ಲ, ಇದನ್ನ ಕೊಟ್ಟು ಹೋಗೋಣ ಅಂತ ಬಂದೆ ಅಷ್ಟೇ," ಅಂದಳು. ಕೊಡಲೂ ಇಲ್ಲ, ಹೋಗಲೂ ಇಲ್ಲ. ತಟ್ಟೆ ಹಿಡಿದುಕೊಂಡು ಬಾಗಿಲ ಬಳಿಯೇ ನಿಂತಳು.

"ನಮ್ಮ ಬೌರಾನ್ ಡೋಲಿಗೆ ಸಾಮಾನ್ಯವಾಗಿ ಯಾವ ಪ್ರಾಣಿಯ ಚರ್ಮ ಕಟ್ಟುತ್ತಾರೆ?" ಎಂದು ಓದಿದೆ. ಮ್ಯಾಲಕಿಗೆ ಲೋಕದಲ್ಲಿ ದನ ಬಿಟ್ಟು ಬೇರೆ ಪ್ರಾಣಿಯಿಲ್ಲ. "ಕರು, ಕರು, ಬರ್ಕೊಳ್ರೋ," ಎಂದು ಪಿಸುಗುಟ್ಟಿದ್ದು ಇಡೀ ಪಬ್ಬಿಗೆ ಕೇಳಿಸಿತು. ಬಾಗಿಲ ಬಳಿ ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ಅವಳ ತುಟಿ ಮೇಕೆ, ಮೇಕೆ ಎಂದು ಅಲ್ಲಾಡುತ್ತಿತ್ತು.

ಆ ಸುತ್ತು ಮುಗಿಯುವಷ್ಟರಲ್ಲಿ ಮ್ಯಾಲಕಿಯ ಫೋನ್ ಹೊಡೆದುಕೊಂಡಿತು. ಹಸು ಕರು ಹಾಕುತ್ತಿದೆ, ಹಿಂಗಾಲು ಮೊದಲು ಬರ್ತಿದೆ ಎಂದು ಅವನ ತಮ್ಮ ಕೂಗುತ್ತಿದ್ದ. ಮ್ಯಾಲಕಿ ಟೋಪಿ ಎತ್ತಿಕೊಂಡು ಒಂದೇ ಓಟ ಕಿತ್ತ. ಇದಕ್ಕೆ ನಮ್ಮೂರಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, ಮದುವೆಯ ನಡುವಿನಿಂದಲೂ ಹಾಗೇ ಓಡುತ್ತಾರೆ.

ಮೇಜಲ್ಲಿ ಮೂವರು ಉಳಿದರು. ಎಲ್ಲರೂ ನನ್ನನ್ನು ನೋಡಿದರು. ನಿಯಮ ಮಾಡಿದವಳು ನಾನೇ. ಮೂವರಾದರೆ ಆಟದಿಂದ ಹೊರಗೆ. ನಾನು ವಾಲ್ದೀರನ ಕಡೆ ನೋಡಿ, ಕಣ್ಣಲ್ಲೇ ಬಾಗಿಲ ಕಡೆ ತೋರಿಸಿದೆ. ಕೇಳೋ, ಒಂದೇ ಒಂದು ಸಲ ಕೇಳೋ. ಅವನು ಅತ್ತಿಗೆಯನ್ನು ನೋಡಿದ, ತನ್ನ ಎದೆ ಮುಟ್ಟಿಕೊಂಡ, ತಲೆ ತಗ್ಗಿಸಿದ. ಆಮೇಲೆ ಎದ್ದು ನಿಂತು, "ಡಿಂಪ್ನಾ ಅಕ್ಕ, ನಾವು ಬಿಟ್ಟುಕೊಡ್ತೀವಿ," ಅಂದ. ರೊಸಾಂಜೆಲಾ ಕೋಟು ಎತ್ತಿಕೊಂಡಳು.

ಆಗ ಬಾಗಿಲ ಕಡೆಯಿಂದ ಅತ್ತಿಗೆಯ ದನಿ ಬಂತು, ಸ್ವಲ್ಪ ಒಡೆದ ದನಿ.

"ನಾನು ಬಂದು ಕೂರ್ಲಾ?"

ವಾಲ್ದೀರ್ ತಿರುಗಿದ. ಅವನ ಮುಖ ಅರಳಿತು. ಅರಳಿದ್ದು ಅಲ್ಲೇ ನಿಂತಿತು. ನಾನು ಕಲಿಸಿದ ಪಾಠ ನೆನಪಾಯಿತೆಂದು ತೋರುತ್ತದೆ. ಕೈ ಮುಂದೆ ಮಾಡಿ, ಬಹಳ ಮರ್ಯಾದೆಯಿಂದ, "ಅಯ್ಯೋ ಬೇಡ ದೋನಾ, ನಿಮಗ್ಯಾಕೆ ಸುಮ್ಮನೆ ತೊಂದ್ರೆ," ಅಂದ.

ಯಾರೋ ಗ್ಲಾಸನ್ನು ಟಣ್ಣೆಂದು ಕೆಳಗಿಟ್ಟರು. ನನಗೆ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಅತ್ತಿಗೆ ಈಗ ತಿರುಗಿ ಹೋಗುತ್ತಾಳೆ, ಇನ್ನು ಜನ್ಮದಲ್ಲಿ ಈ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡೆ. ಅವಳು ಹೋಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದಳು.

"ತೊಂದ್ರೆ ಏನಿಲ್ಲಪ್ಪಾ. ನಿಮಗೆ ಒಬ್ರು ಕಡಿಮೆ ಇದ್ದಾರೆ. ಬರ್ಲಾ?"

"ಬೇರೆ ಯಾರನ್ನಾದ್ರೂ ನೋಡ್ಕೋತೀವಿ, ಬಿಡಿ," ಅಂದ ವಾಲ್ದೀರ್. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ರೊಸಾಂಜೆಲಾ ಮೇಜಿನಡಿ ಅವನ ಕಾಲಿಗೆ ಒದ್ದದ್ದು ನನಗೆ ಕಾಣಿಸಿತು.

ಅತ್ತಿಗೆ ತಟ್ಟೆಯನ್ನು ಸಿಕ್ಕಿದವರ ಕೈಗೆ ಕೊಟ್ಟಳು. ಸೀದಾ ಆ ಮೇಜಿನ ಮುಂದೆ ಹೋಗಿ ನಿಂತಳು.

"ನೋಡಪ್ಪಾ, ನಂಗೆ ಬರ್ಬೇಕು ಅಂತಿದೆ. ಮನೇಲಿ ಒಬ್ಳೇ ಕೂತು ಕೂತು ಸಾಕಾಗಿದೆ. ನನ್ನನ್ನ ಸೇರಿಸ್ಕೋತೀರಾ, ಇಲ್ವಾ?"

ನನಗೆ ಬೇಕು ಎನ್ನುವ ಮಾತನ್ನು ಅವಳ ಬಾಯಲ್ಲಿ ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ನಮ್ಮೂರಲ್ಲಿ ಯಾರ ಬಾಯಲ್ಲೂ ಕೇಳಿಲ್ಲ, ನನ್ನ ಬಾಯಲ್ಲೂ. ನಾಲ್ಕು ಜನರ ಮುಂದೆ ಅದನ್ನು ಆಡಿ, ತಲೆಯೆತ್ತಿ ನಿಂತಿದ್ದಳು.

"ಹೂಂ ದೋನಾ, ಹೂಂ!" ವಾಲ್ದೀರ್ ಕುರ್ಚಿ ಎಳೆಯುವ ರಭಸಕ್ಕೆ ಅದು ಮಗುಚಿ ಬಿತ್ತು. "ಮೊದ್ಲಿಂದ್ಲೂ ಹೂಂ! ಮೂರು ಸಲ ಆಗ್ಲಿ ಅಂತ ಕಾಯ್ತಿದ್ದೆ!" ಟೆಮಿಟೋಪೆ ನಗುತ್ತಾ ಕುರ್ಚಿ ಎತ್ತಿ ನಿಲ್ಲಿಸಿದಳು. ಪಬ್ಬಿಗೆ ಪಬ್ಬೇ ಚಪ್ಪಾಳೆ ತಟ್ಟಿತು. ಅತ್ತಿಗೆ ಕೂತಳು, ಕೋಟಿನ ಗುಂಡಿ ಬಿಚ್ಚಿದಳು, ಮ್ಯಾಲಕಿ ಬಿಟ್ಟುಹೋದ ಪೆನ್ನನ್ನು ಒರೆಸಿ ಕೈಗೆ ತಗೊಂಡಳು.

ಮೂರನೆಯ ಸುತ್ತು ಶುರು ಮಾಡಬೇಕಿತ್ತು. ನನಗೆ ಹಾಳೆಯ ಮೇಲಿನ ಒಂದಕ್ಷರವೂ ಕಾಣಿಸುತ್ತಿರಲಿಲ್ಲ. ಕನ್ನಡಕ ಎಲ್ಲೋ ಬಿಟ್ಟಿದ್ದೇನೆ, ಒಂದು ನಿಮಿಷ ತಾಳಿ ಎಂದು ಸುಳ್ಳು ಹೇಳಿ ಮುಖ ತಿರುಗಿಸಿಕೊಂಡೆ.

"ಅದು ನಿನ್ನ ಮೂಗಿನ ಮೇಲೇ ಇದೆ ಕಣೇ ಡಿಂಪ್ನಾ," ಅಂದಳು ಅತ್ತಿಗೆ, ಇಡೀ ಪಬ್ಬಿಗೆ ಕೇಳುವ ಹಾಗೆ. "ಬೇಗ ಓದು. ನಾವು ಕಾಯ್ತಾ ಇದೀವಿ."